ಸುಮ್ಮನಿರುವ ಪೈಪಿಗೆ ಕಿವಿಗೊಡುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇಕರಿಯ ಷಟರು ಅರ್ಧ ಮಾತ್ರ ಎದ್ದಿದೆ. ಒಳಗಿನಿಂದ ಬ್ರೆಡ್ಡಿನ ಬಿಸಿ ವಾಸನೆ ಬೀದಿಗೆ ಇಳಿಯುತ್ತಿದೆ. ಬೀದಿಯ ನಡುವೆ ಖಾಕಿ ಅಂಗಿ ತೊಟ್ಟ ಒಬ್ಬರು ಮಂಡಿಯೂರಿ ಕುಳಿತಿದ್ದಾರೆ. ಕೈಯಲ್ಲಿ ಉದ್ದನೆಯ ಕಬ್ಬಿಣದ ರಾಡು. ಅದರ ಕೆಳತುದಿ ವಾಲ್ವ್ ಗುಂಡಿಯೊಳಗೆ ಇಳಿದು ಪೈಪಿನ ಬೆನ್ನಿಗೆ ತಾಗಿದೆ. ಮೇಲ್ತುದಿಗೆ ಬಿಗಿದಿರುವ ಮರದ ಪುಟ್ಟ ಬಟ್ಟಲು ಅವರ ಬಲಗಿವಿಯನ್ನು ಮುಚ್ಚಿದೆ. ಕಣ್ಣುಗಳು ಮುಚ್ಚಿವೆ. ದೂರದಿಂದ ನೋಡಿದವರಿಗೆ ಯಾರೋ ನೆಲದ ಹತ್ತಿರ ಏನನ್ನೋ ಬೇಡಿಕೊಳ್ಳುತ್ತಿದ್ದಾರೆ ಅನ್ನಿಸಬೇಕು.

ಅವರು ಎಡಗೈ ಎತ್ತಿದ್ದಾರೆ. ಆ ಕೈ ಇಳಿಯುವವರೆಗೆ ಬೀದಿ ಗುಡಿಸುವಾಕೆ ಪೊರಕೆ ಆಡಿಸುವಂತಿಲ್ಲ. ಇದು ಅವರಿಬ್ಬರ ನಡುವಿನ ಹಳೆಯ ಒಪ್ಪಂದ. ಆಕೆ ಪೊರಕೆಯನ್ನು ಹೆಗಲಿಗೆ ಒರಗಿಸಿಕೊಂಡು ಆಕಳಿಸುತ್ತಾರೆ.

"ಬೇಗ ಮುಗಿಸಿ ಅಣ್ಣ. ನೀವು ನೆಲದ ಜೊತೆ ಗುಟ್ಟು ಮಾತಾಡಿ ಮುಗಿಸೋ ಹೊತ್ತಿಗೆ ನನ್ನ ಕಸ ಪಕ್ಕದ ಬೀದಿಗೆ ಹಾರಿಹೋಗಿರುತ್ತೆ."

"ನೆಲ ಇವತ್ತು ಬಾಯಿ ಬಿಡ್ತಿಲ್ಲಮ್ಮ" ಎಂದು ಅವರು ಕಣ್ಣು ತೆರೆಯುತ್ತಾರೆ. ಆದರೆ ಅಷ್ಟಕ್ಕೇ ಏಳುವುದಿಲ್ಲ. ಸೊಂಟದಲ್ಲಿ ಸಿಕ್ಕಿಸಿದ್ದ ಸ್ಪಾನರ್ ತೆಗೆದು, ಗುಂಡಿಯೊಳಗೆ ಕೈ ಇಳಿಸಿ, ಪೈಪಿಗೆ ಒಂದೇ ಒಂದು ಏಟು ಕೊಡುತ್ತಾರೆ. 'ಠಪ್' ಎಂಬ ಮೊಂಡು ಸದ್ದು. ಹುಟ್ಟಿದ ಜಾಗದಲ್ಲೇ ಸತ್ತುಹೋಗುವ ಸದ್ದು. ಅವರು ತಲೆಯಾಡಿಸುತ್ತಾರೆ. "ತುಂಬಿದೆ" ಎಂದು ತಮಗೆ ತಾವೇ ಹೇಳಿಕೊಂಡು ಕೈ ಇಳಿಸುತ್ತಾರೆ. ಪೊರಕೆ ಮತ್ತೆ ಶುರುವಾಗುತ್ತದೆ.

ಬೀದಿಯವರಿಗೆಲ್ಲ ಅವರು ಕಿವಿಯಣ್ಣ. ನೀರಿನ ಆಫೀಸಿನಲ್ಲಿ ಅವರದು ಸೋರಿಕೆ ಪತ್ತೆಯ ಕೆಲಸ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕಿವಿಯಿಂದಲೇ ಕಂಡುಹಿಡಿಯುವುದು. ಐವತ್ತು ದಾಟಿದ ವಯಸ್ಸು, ಮಂಡಿಯ ಹತ್ತಿರ ಸವೆದ ಪ್ಯಾಂಟು. ಇವತ್ತು ಅವರ ನಡಿಗೆಯಲ್ಲಿ ಸ್ವಲ್ಪ ಅವಸರವಿದೆ. ಹತ್ತು ಗಂಟೆಗೆ ಹೆಂಡತಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಆಕೆಯ ಗಂಟಲಿನಿಂದ ಮಾತು ಹೋಗಿ ವರ್ಷವಾಗುತ್ತ ಬಂತು. ಅದು ವಾಪಸ್ಸು ಬರುತ್ತದೋ ಇಲ್ಲವೋ ಎಂದು ಡಾಕ್ಟರು ಇವತ್ತು ನೋಡಿ ಹೇಳುತ್ತಾರೆ.

ಪೈಪು ಒಡೆದರೆ ನೀರು ಮೇಲೆಯೇ ಬರುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಎಷ್ಟೋ ಸಲ ಬರುವುದಿಲ್ಲ. ಮಣ್ಣು ಕುಡಿದುಬಿಡುತ್ತದೆ, ಇಲ್ಲವೇ ಪಕ್ಕದ ಚರಂಡಿಗೆ ಕಳ್ಳದಾರಿ ಮಾಡಿಕೊಳ್ಳುತ್ತದೆ. ಮೇಲೆ ರಸ್ತೆ ಒಣಗಿಕೊಂಡೇ ಇರುತ್ತದೆ, ಕೆಳಗೆ ಒಂದು ಬೀದಿಯ ನೀರು ಸೋರಿ ಹೋಗುತ್ತಿರುತ್ತದೆ. ಗೊತ್ತಾಗುವುದು ಸದ್ದಿನಿಂದ ಮಾತ್ರ. ಕೂದಲೆಳೆಯ ಬಿರುಕು ಹಲ್ಲಿನ ಸಂದಿಯಿಂದ ಸೀಟಿ ಹೊಡೆದಂತೆ ಕೇಳುತ್ತದೆ. ಜಾಯಿಂಟು ಸಡಿಲವಾಗಿದ್ದರೆ ಬಾಣಲೆಯಲ್ಲಿ ಎಣ್ಣೆ ಕಾಯುವಂಥ ಸದ್ದು. ಪೂರ್ತಿ ಒಡೆದ ಪೈಪು ಗೊರಕೆ ಹೊಡೆಯುತ್ತದೆ.

"ದೊಡ್ಡ ಒಡಕಿಗಿಂತ ಚಿಕ್ಕದೇ ಜಾಸ್ತಿ ಕಿರುಚೋದು" ಎನ್ನುತ್ತಾರೆ ಕಿವಿಯಣ್ಣ. "ಪೂರ್ತಿ ಒಡೆದಿದ್ದು ಸುಸ್ತಾಗಿ ಗೊಣಗ್ತಾ ಇರುತ್ತೆ, ಅಷ್ಟೆ."

ಊರು ಏಳುವುದರೊಳಗೆ ನಲವತ್ತು ಐವತ್ತು ಕಡೆಯಾದರೂ ಅವರು ರಾಡು ಇಡುತ್ತಾರೆ. ವಾಹನಗಳ ಓಡಾಟ ಶುರುವಾದರೆ ಮುಗಿಯಿತು, ನೆಲದ ಮಾತು ಕೇಳುವುದಿಲ್ಲ. ಬಹುಪಾಲು ಕಡೆ ಏನೂ ಕೇಳಿಸುವುದಿಲ್ಲ. ವಾರದಲ್ಲಿ ಮೂರೋ ನಾಲ್ಕೋ ಸೋರಿಕೆ ಸಿಕ್ಕರೆ ಅದೇ ದೊಡ್ಡದು. ಹೊಸದಾಗಿ ಸೇರಿದ ಕಾಲದಲ್ಲಿ ಅವರಿಗೆ ಇದು ಬೇಸರ ತರಿಸುತ್ತಿತ್ತಂತೆ. ಈಗ ನಗುತ್ತ ಹೇಳುತ್ತಾರೆ: "ಬೆಳಗಾನ ಕಿವಿಗೊಟ್ಟು ಕೂತು, ಏನೂ ಕೇಳಿಸಲಿಲ್ಲ ಅಂತ ಹೇಳೋಕೆ ನನಗೆ ಸಂಬಳ."

ಆಫೀಸಿನಲ್ಲಿ ಈಗ ಒಂದು ಮೆಷಿನ್ ಬಂದಿದೆ. ಎಂಜಿನಿಯರ್ ಮೇಡಂ ಅದರ ಹೆಡ್‌ಫೋನನ್ನು ಕಿವಿಗೆ ಹಾಕಿಕೊಂಡು ದೊಡ್ಡ ರಸ್ತೆಗಳನ್ನು ನೋಡಿಕೊಳ್ಳುತ್ತಾರೆ. ಅದು ಬಂದಾಗ ಕಿವಿಯಣ್ಣನ ಮುಖ ಬಾಡುತ್ತದೆ ಎಂದು ಕಾದವರಿಗೆ ನಿರಾಸೆಯಾಗಿದೆ. ಮೆಷಿನ್ನು ತಮಗಿಂತ ಚೆನ್ನಾಗಿ ಕೇಳುತ್ತದೆ, ಲಾರಿ ಹೋಗುವಾಗಲೂ ಕೇಳುತ್ತದೆ ಎಂದು ಅವರೇ ಎಲ್ಲರಿಗೂ ಹೇಳುತ್ತಾರೆ. ಇರುವುದು ಒಂದೇ ಮೆಷಿನ್ನು ಆದ್ದರಿಂದ ಓಣಿಗಳ ಪಾಲಿಗೆ ಕಿವಿಯಣ್ಣನೇ ಗತಿ. ಅವರ ಕಿವಿ ತಪ್ಪಿದ್ದೂ ಉಂಟು. ಒಮ್ಮೆ ಬೇಕರಿಯ ಎದುರು ದೊಡ್ಡ ಸೋರಿಕೆ ಇದೆ ಎಂದು ಹೇಳಿ ರಸ್ತೆ ಅಗೆಸಿದ್ದರು. ಆಳುದ್ದದ ಗುಂಡಿ ತೋಡಿದ ಮೇಲೆ ಗೊತ್ತಾಗಿದ್ದು, ಅವರಿಗೆ ಕೇಳಿಸಿದ್ದು ಬೇಕರಿಯ ಫ್ರಿಜ್ಜಿನ ಗುಂಯ್‌ಗುಟ್ಟುವಿಕೆ ಎಂದು. ಬೇಕರಿಯವರು ಅದನ್ನು ಇವತ್ತಿಗೂ ಬಿಟ್ಟಿಲ್ಲ. ಬೆಳಿಗ್ಗೆ ಎದುರಾದರೆ ಸಾಕು, "ಕಿವಿಯಣ್ಣ, ನಮ್ಮ ಫ್ರಿಜ್ಜು ಸೋರ್ತಿಲ್ಲ ತಾನೇ?" ಎಂದು ಗಂಭೀರವಾಗಿ ವಿಚಾರಿಸುತ್ತಾರೆ.

ಈ ಕೆಲಸ ಕಲಿಸಿದ್ದು ಒಬ್ಬ ಹಳೆಯ ಮೇಸ್ತ್ರಿ. ಮೇಸ್ತ್ರಿ ಮಾತು ಕಡಿಮೆಯವರು. ಸದ್ದಿನ ಬಗ್ಗೆ ಹೆಚ್ಚೇನೂ ಹೇಳಿಕೊಡಲಿಲ್ಲ. ಸದ್ದು ತಾನಾಗಿಯೇ ಕಲಿಸುತ್ತದೆ ಎನ್ನುವುದು ಅವರ ಲೆಕ್ಕ. ಅವರು ಮತ್ತೆ ಮತ್ತೆ ಎಚ್ಚರಿಸಿದ್ದು ಸದ್ದಿಲ್ಲದ ಪೈಪಿನ ಬಗ್ಗೆ. ನೀರು ತುಂಬಿ ಗಟ್ಟಿಯಾಗಿರುವ ಪೈಪೂ ಸುಮ್ಮನಿರುತ್ತದೆ, ಒಂದು ತೊಟ್ಟೂ ಇಲ್ಲದ ಖಾಲಿ ಪೈಪೂ ಸುಮ್ಮನಿರುತ್ತದೆ. ರಾಡಿಗೆ ಎರಡೂ ಒಂದೇ. ಅದಕ್ಕೇ ಬಡಿದು ನೋಡಬೇಕು. ಖಾಲಿ ಪೈಪು 'ಠಣ್' ಎಂದು ಇಡೀ ಬೀದಿಗೆ ಕೇಳುವಂತೆ ಉತ್ತರ ಕೊಡುತ್ತದೆ. ತುಂಬಿದ್ದು ಏಟನ್ನು ನುಂಗಿಕೊಂಡುಬಿಡುತ್ತದೆ.

ಕಿವಿಯಣ್ಣನ ಮನೆ ಆಫೀಸಿನ ಹಿಂದಿನ ಓಣಿಯಲ್ಲಿ. ಎರಡು ಕೋಣೆ, ಒಂದು ಅಡುಗೆಮನೆ, ಅಡುಗೆಮನೆಯ ಬಾಗಿಲಲ್ಲಿ ನಲ್ಲಿ ಇರುವ ಸ್ಟೀಲಿನ ನೀರಿನ ಡ್ರಮ್ಮು. ಹೆಂಡತಿಗೆ ಓಣಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ ಇದೆ. ಮಗಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಒಂದು ವರ್ಷದ ಹಿಂದೆ ಈ ಮನೆಯನ್ನು ಹುಡುಕಲು ವಿಳಾಸ ಬೇಕಿರಲಿಲ್ಲ, ದನಿಯೊಂದೇ ಸಾಕಿತ್ತು. ಓಣಿಯವರು ಆಕೆಗೆ ಇಟ್ಟಿದ್ದ ಹೆಸರೇ ಮಾತಿನಮಲ್ಲಿ. ಇಸ್ತ್ರಿ ಪೆಟ್ಟಿಗೆಯ ಜೊತೆ ಮಾತು, ಹೊಲಿಗೆ ಬಿಚ್ಚಿದ ಅಂಗಿಯ ಜೊತೆ ಮಾತು, ಯಾರೂ ಇಲ್ಲದಿದ್ದರೆ ದೇವರ ಜೊತೆ ಮಾತು. ಆಕೆ ಪ್ರಾರ್ಥನೆ ಮಾಡುವುದನ್ನು ಕೇಳಿದವರು ಬಾಡಿಗೆ ಬಾಕಿ ಇಟ್ಟವರ ಜೊತೆ ಜಗಳವಾಗುತ್ತಿದೆ ಎಂದುಕೊಳ್ಳುತ್ತಿದ್ದರು. "ನಿನ್ನೆ ಹೇಳಿದ್ದು ನೆನಪಿದೆಯಾ ದೇವರೇ, ಇಲ್ಲಾ ಮತ್ತೆ ಮೊದಲಿಂದ ಹೇಳಲಾ?" ಎಂದು ಶುರುಮಾಡಿದರೆ ಮುಗಿಯುವಾಗ ಅರ್ಧ ರಾಶಿ ಬಟ್ಟೆ ಇಸ್ತ್ರಿಯಾಗಿರುತ್ತಿತ್ತು.

ಕಿವಿಯಣ್ಣ ಪ್ರಾರ್ಥನೆಯ ಕಡೆ ತಲೆಹಾಕಿದವರಲ್ಲ. "ಕ್ಯೂನಲ್ಲಿ ಮನೆಗೊಬ್ಬರು ನಿಂತರೆ ಸಾಕಲ್ವಾ ಅಂದುಕೊಂಡಿದ್ದೆ" ಎನ್ನುತ್ತಾರೆ. ಬೆಳಗಿನ ಜಾವ ಕಿವಿಯನ್ನು ದುಡಿಸಿ ಬಂದವರಿಗೆ ಮನೆಯಲ್ಲಾದರೂ ಸ್ವಲ್ಪ ಹೊತ್ತು ನಿಶ್ಶಬ್ದ ಬೇಕಾಗುತ್ತಿತ್ತು. ಸಿಗುತ್ತಿರಲಿಲ್ಲ. ಆಗೆಲ್ಲ ಅವರು ಒಂದು ತಮಾಷೆ ಮಾಡುತ್ತಿದ್ದರು. ತಲೆಯೆತ್ತಿ ಸೂರಿನ ಕಡೆ ನೋಡಿ, ಊರಿನ ಪೈಪಿಗೆಲ್ಲ ವಾಲ್ವ್ ಇಡಿಸಿದ್ದೀಯ, ಇವಳ ಬಾಯಿಗೂ ಒಂದು ಇಟ್ಟಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದು ದೇವರನ್ನು ಕೇಳುತ್ತಿದ್ದರು. ಆಕೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ಅವರ ಮುಖಕ್ಕೇ ಚಿಮುಕಿಸುತ್ತಿದ್ದರು. ಮಗಳು ನಗುತ್ತಿದ್ದಳು. ಹೀಗೆ ಎಷ್ಟೋ ವರ್ಷ ನಡೆದ ತಮಾಷೆ ಅದು.

ಆಮೇಲೆ ಆಕೆಯ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡಿತು. ಕೆಟ್ಟ ಗಡ್ಡೆಯಲ್ಲ, ಆದರೆ ಕೂತ ಜಾಗ ಕೆಟ್ಟದ್ದು. ಅದು ದನಿಯ ನರಗಳನ್ನು ತಬ್ಬಿಕೊಂಡಿತ್ತು. ತೆಗೆಯದೆ ವಿಧಿಯಿಲ್ಲ, ತೆಗೆದರೆ ದನಿಗೆ ಪೆಟ್ಟಾಗಬಹುದು ಎಂದು ಡಾಕ್ಟರು ಮೊದಲೇ ಬಿಡಿಸಿ ಹೇಳಿದ್ದರು. ಆಪರೇಷನ್ ಮುಗಿದು ಎಚ್ಚರವಾದಾಗ ಆಕೆ ಬಾಯಿ ತೆರೆದರು. ಬರೀ ಉಸಿರು ಬಂತು. ನರ ಮಲಗಿದೆ, ಒಂದು ವರ್ಷದೊಳಗೆ ಎದ್ದರೂ ಏಳಬಹುದು, ಕಾದು ನೋಡೋಣ ಎಂದರು ಡಾಕ್ಟರು.

ಮನೆ ತಣ್ಣಗಾಯಿತು. ಅಮ್ಮನ ತುಟಿ ನೋಡಿ ಮಾತು ತಿಳಿದುಕೊಳ್ಳುವುದನ್ನು ಮಗಳು ಬೇಗ ಕಲಿತಳು. ಕಿವಿಯಣ್ಣನಿಗೆ ಅದು ಒಗ್ಗಲಿಲ್ಲ. ಜೀವಮಾನವೆಲ್ಲ ಕಣ್ಣು ಮುಚ್ಚಿಕೊಂಡು ಕೆಲಸ ಮಾಡಿದವರು, ಈಗ ಕಣ್ಣಿನಿಂದ ಕೇಳು ಎಂದರೆ ಎಲ್ಲಿಂದ ಕೇಳಿಯಾರು? ಅವರಿಗಾಗಿ ಮಗಳು ಒಂದು ಉಪಾಯ ಮಾಡಿದಳು. ಅಮ್ಮ ಚಮಚದಿಂದ ನೀರಿನ ಡ್ರಮ್ಮಿಗೆ ಒಂದು ಸಲ ಬಡಿದರೆ ಹೌದು, ಎರಡು ಸಲ ಬಡಿದರೆ ಇಲ್ಲ. ಊಟ ಆಯಿತಾ, ಒಂದು. ಅಂಗಡಿಗೆ ಹೋಗುತ್ತೀಯಾ, ಒಂದು. ನೋವಿದೆಯಾ, ಎರಡು. ಸಂಸಾರ ಒಂದರಲ್ಲಿ ಎರಡರಲ್ಲಿ ಸಾಗತೊಡಗಿತು.

ಆ ದಿನಗಳಲ್ಲಿ ಕಿವಿಯಣ್ಣ ಮೊದಲ ಬಾರಿಗೆ ತಾವೇ ಪ್ರಾರ್ಥನೆಗೆ ಕೂತರು. ಬಾಯಿಬಿಟ್ಟು ಅಲ್ಲ, ಮನಸ್ಸಿನೊಳಗೆ. ದಿನವೂ ಕೂತರು. ಉತ್ತರ ಹೇಗಿರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ, ಆದರೆ ಬಂದರೆ ಗೊತ್ತಾಗುತ್ತದೆ ಎಂಬ ಧೈರ್ಯವಿತ್ತು. ಕೇಳುವುದು ತಮ್ಮ ಕಸುಬೇ ತಾನೇ.

"ರಾಡು ಇಟ್ಟ ಹಾಗೇ ಕೂರ್ತಿದ್ದೆ" ಎನ್ನುತ್ತಾರೆ. "ಒಂದು 'ಸ್ಸ್' ಕೂಡ ಇಲ್ಲ. ಆಗ ಒಂದು ಯೋಚನೆ ಹೊಕ್ಕುಬಿಡ್ತು ನೋಡಿ. ಇಷ್ಟು ವರ್ಷ ನಾನು ಹೇಳಿದ್ದು ಯಾವುದನ್ನೂ ಕಿವಿಗೆ ಹಾಕಿಕೊಳ್ಳದವನು, ಆ ವಾಲ್ವಿನ ತಮಾಷೆನ ಮಾತ್ರ ಕೇಳಿಸಿಕೊಂಡನಾ ಅಂತ."

ಈ ಮಾತು ಹೇಳುವಾಗ ಅವರು ರಾಡಿನ ಮೇಲಿನ ಮರದ ಬಟ್ಟಲನ್ನು ಹೆಬ್ಬೆರಳಿನಿಂದ ಉಜ್ಜುತ್ತಿರುತ್ತಾರೆ. ಬಟ್ಟಲಿನ ಅಂಚು ಅವರ ಕಿವಿಯ ಆಕಾರಕ್ಕೆ ಸವೆದಿದೆ. ಆ ಯೋಚನೆ ಹೊಕ್ಕ ಮೇಲೆ ಪ್ರಾರ್ಥನೆ ನಿಂತುಹೋಯಿತು. ಕೆಲಸಕ್ಕೆ ಹೋಗುತ್ತಿದ್ದರು, ಬರುತ್ತಿದ್ದರು. ಕಿವಿ ರಾಡಿನ ಮೇಲೆ, ಮನಸ್ಸು ಇನ್ನೆಲ್ಲೋ.

ತಪ್ಪಾಗಿದ್ದು ಆ ಹೊತ್ತಿನಲ್ಲೇ. ಕೆಳಗಿನ ಓಣಿಗೆ ನೀರು ಬರುತ್ತಿಲ್ಲ, ಎಲ್ಲೋ ಸೋರುತ್ತಿರಬೇಕು ನೋಡಿ ಬನ್ನಿ ಎಂದು ಆಫೀಸಿನಿಂದ ಹೇಳಿದ್ದರು. ಕಿವಿಯಣ್ಣ ಹೋದರು, ನಾಲ್ಕು ಕಡೆ ರಾಡು ಇಟ್ಟರು. ಎಲ್ಲೂ ಸದ್ದಿಲ್ಲ. ಸ್ಪಾನರ್ ಸೊಂಟದಲ್ಲೇ ಇತ್ತು. ತೆಗೆಯಲಿಲ್ಲ. ಪೈಪು ಸರಿ ಇದೆ ಎಂದು ಆಫೀಸಿಗೆ ತಿಳಿಸಿ ಮನೆಗೆ ಬಂದರು. ಕಿವಿಯಣ್ಣ ಸರಿ ಇದೆ ಅಂದಮೇಲೆ ಸರಿ ಇದೆ ಎಂದು ಆಫೀಸೂ ನಂಬಿತು. ಓಣಿಯವರು ಮತ್ತೂ ಮೂರು ದಿನ ಪಕ್ಕದ ಬೀದಿಯಿಂದ ನೀರು ಹೊತ್ತರು.

ಮೂರನೆಯ ದಿನ ಒಬ್ಬ ಅಜ್ಜಿ ಅವರನ್ನು ದಾರಿಯಲ್ಲೇ ಹಿಡಿದರು. ಸೊಂಟದ ಮೇಲೊಂದು ಬಕೆಟ್ಟು, ಕೈಯಲ್ಲೊಂದು. ಬೈಯಲಿಲ್ಲ. ಬಕೆಟ್ಟು ಕೆಳಗಿಟ್ಟು, ಉಸಿರು ಸುಧಾರಿಸಿಕೊಂಡು ಕೇಳಿದರು.

"ನೀನೇ ಅಲ್ವೇನಪ್ಪ, ನಮ್ಮ ಪೈಪು ಸರಿ ಇದೆ ಅಂದೋನು?"

"ಸದ್ದು ಇರಲಿಲ್ಲ ಅಜ್ಜಿ."

"ಸುಮ್ಮನಿರೋದೆಲ್ಲ ಸರಿಯಾಗಿರುತ್ತೆ ಅಂತ ಯಾರಪ್ಪ ಹೇಳಿಕೊಟ್ಟಿದ್ದು ನಿನಗೆ?"

ಕಿವಿಯಣ್ಣ ಅಲ್ಲೇ ಕೂತು ಪೈಪಿಗೆ ಬಡಿದರು. 'ಠಣ್' ಎಂದು ಓಣಿಯ ಆ ತುದಿಯವರೆಗೂ ಕೇಳಿಸಿತು. ಒಳಗೆ ತೊಟ್ಟು ನೀರಿರಲಿಲ್ಲ. ಮೇಲಿನ ಬೀದಿಯಲ್ಲಿ ಯಾವಾಗಲೋ ರಿಪೇರಿ ಮಾಡಿದವರು ವಾಲ್ವ್ ತಿರುಗಿಸಿ ಮುಚ್ಚಿದ್ದು ಹಾಗೇ ಉಳಿದುಬಿಟ್ಟಿತ್ತು. ಕಿವಿಯಣ್ಣ ಹೋಗಿ ವಾಲ್ವ್ ಬಿಚ್ಚಿದರು. ಅರ್ಧ ಗಂಟೆಯಲ್ಲಿ ಓಣಿಯ ನಲ್ಲಿಗಳೆಲ್ಲ ಕೆಮ್ಮಿ, ಉಗುಳಿ, ನೀರು ಬಿಟ್ಟವು. ಅಜ್ಜಿ ಒಳಗೆ ಕರೆದು ಒಂದು ಲೋಟ ನೀರು ಕೊಟ್ಟರು. ಅದನ್ನು ಕುಡಿಯುವಷ್ಟರಲ್ಲಿ ಅವರಿಗೆ ಇನ್ನೊಂದು ಓಣಿ ನೆನಪಾಗಿತ್ತು, ತಮ್ಮ ಮನೆಯದು.

ಅಲ್ಲಿ ಅವರು ಮಾಡಿದ್ದೂ ಇದೇ ಕೆಲಸ. ಹೆಂಡತಿ ದಿನವೂ ಸಂಜೆ ಅಡುಗೆಮನೆಯ ಬಾಗಿಲಲ್ಲಿ, ಡ್ರಮ್ಮಿನ ಪಕ್ಕದ ಮಣೆಯ ಮೇಲೆ ಸುಮ್ಮನೆ ಕೂತಿರುತ್ತಿದ್ದರು. ಮೊದಲು ಬಾಯಿಬಿಟ್ಟು ಪ್ರಾರ್ಥಿಸುತ್ತಿದ್ದ ಜಾಗವೇ ಅದು. ಈಗ ಮನಸ್ಸಿನಲ್ಲೇ ಮಾಡುತ್ತಿದ್ದಾಳೆ, ಅವಳ ನಂಬಿಕೆ ಗಟ್ಟಿ, ಅಲ್ಲಾಡಿರುವುದು ನನ್ನದು ಮಾತ್ರ ಎಂದು ಅವರು ತೀರ್ಮಾನಿಸಿಕೊಂಡಿದ್ದರು. ಕೇಳಿರಲಿಲ್ಲ. ಆ ಸಂಜೆ ಹೋಗಿ ಆಕೆಯ ಎದುರು ನೆಲದ ಮೇಲೆ ಕೂತರು.

"ಪ್ರಾರ್ಥನೆ ಮಾಡ್ತಿದೀಯಾ?"

ಆಕೆ ಚಮಚ ಎತ್ತಿಕೊಂಡರು. ಡ್ರಮ್ಮು ಅರ್ಧ ಖಾಲಿಯಿತ್ತು. ಠಣ್, ಠಣ್. ಇಲ್ಲ.

"ಯಾವಾಗಿಂದ? ಆಸ್ಪತ್ರೆಯಿಂದ ಬಂದ ಮೇಲೆ ಮಾಡೇ ಇಲ್ವಾ?"

ಠಣ್. ಹೌದು.

"ಅವನ ಮೇಲೆ ಕೋಪಾನಾ?"

ಈ ಸಲ ಚಮಚ ಡ್ರಮ್ಮಿಗೆ ಬಿದ್ದ ರಭಸಕ್ಕೆ ಮಗಳು ಒಳಕೋಣೆಯಿಂದ ಓಡಿ ಬಂದಳು.

ಸಮಾಧಾನದ ಮಾತುಗಳು ಕಿವಿಯಣ್ಣನಲ್ಲಿರಲಿಲ್ಲ. ಗೊತ್ತಿದ್ದದ್ದು ಒಂದೇ ಬಗೆಯ ಮಾತು, ದಿನಾ ಆಫೀಸಿನಲ್ಲಿ ಒಪ್ಪಿಸುವ ವರದಿ. ಅಲ್ಲೇ ಕೂತು, ಸೂರಿನ ಕಡೆ ಮುಖ ಮಾಡಿ, ಅದೇ ಧಾಟಿಯಲ್ಲಿ ಶುರುಮಾಡಿದರು. ಇವಳಿಗೆ ನಿನ್ನ ಮೇಲೆ ಕೋಪ ಇದೆ. ಹೇಳೋಕೆ ಅವಳಿಗೆ ಬಾಯಿಲ್ಲ, ಅದಕ್ಕೆ ನಾನು ತಲುಪಿಸ್ತಿದೀನಿ. ನನಗೂ ಇದೆ. ಕೆಳಗಿನ ಓಣಿಯ ವಾಲ್ವ್ ಇವತ್ತು ಬಿಚ್ಚಿದ್ದಾಗಿದೆ, ತಪ್ಪು ನನ್ನದೇ. ಇವಳ ಗಂಟಲು ಹಾಗೇ ಇದೆ. ಇಷ್ಟೇ ಇವತ್ತಿನದು.

"ಅಪ್ಪಾ, ದೇವರಿಗೆ ರಿಪೋರ್ಟ್ ಕೊಡ್ತಿದೀಯಾ?" ಎಂದಳು ಮಗಳು.

ಹೆಂಡತಿಯ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ಕಿವಿಯಣ್ಣ ಗಾಬರಿಯಾದರು. ನೋಡಿದರೆ ನಗು. ಸದ್ದಿಲ್ಲದ, ಕಣ್ಣಲ್ಲಿ ನೀರು ಬರುವಂಥ ನಗು. ನಗು ನಿಂತ ಮೇಲೆ ಆಕೆ ಡ್ರಮ್ಮಿಗೆ ಒಂದು ಸಲ ಬಡಿದರು.

ಅಂದಿನಿಂದ ಅದು ಆ ಮನೆಯ ವಾಡಿಕೆಯಾಗಿದೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಒಂದು ಸಲ, ಸಂಜೆ ಒಂದು ಸಲ ಕಿವಿಯಣ್ಣ ಇಬ್ಬರ ಪರವಾಗಿ ಮಾತಾಡುತ್ತಾರೆ. ಸರಿಯಾಗಿ ಹೇಳಿದರೆ ಕೊನೆಗೆ ಒಂದು ಬಡಿತ. ಏನಾದರೂ ಬಿಟ್ಟರೆ ಎರಡು. ಆಗ ಏನು ಬಿಟ್ಟರೆಂದು ಮಗಳು ಅಮ್ಮನ ತುಟಿ ನೋಡಿ ಹೇಳುತ್ತಾಳೆ, ಅವರು ಸೇರಿಸುತ್ತಾರೆ. ಪಕ್ಕದ ಮನೆಯವರ ಮಂಡಿನೋವು ಬಿಟ್ಟುಹೋಯಿತು. ಹೊಸ ಇಸ್ತ್ರಿ ಪೆಟ್ಟಿಗೆ ಕೈಕೊಡುತ್ತಿರುವುದು ಬಿಟ್ಟುಹೋಯಿತು. ಒಮ್ಮೆ ಅವರು ಸುಸ್ತಾಗಿ, ನಿನ್ನೆ ಹೇಳಿದ್ದೇ ಇವತ್ತೂ ಎಂದು ಮುಗಿಸಲು ಹೋದಾಗ ಡ್ರಮ್ಮಿಗೆ ಎಷ್ಟು ಏಟು ಬಿತ್ತೆಂದರೆ ಎದುರುಮನೆಯವರು ಹಾಲಿನವನೆಂದು ಪಾತ್ರೆ ಹಿಡಿದು ಹೊರಗೆ ಬಂದಿದ್ದರಂತೆ.

ಮೇಲಿನಿಂದ ಉತ್ತರ ಮಾತ್ರ ಬಂದಿಲ್ಲ. ಅದನ್ನು ಕಿವಿಯಣ್ಣ ಮುಚ್ಚಿಡುವುದಿಲ್ಲ. ಒಮ್ಮೆ ಹೆಂಡತಿಯ ಅಣ್ಣ ಬಂದಿದ್ದಾಗ ಪೈಪಿನ ವಿಷಯವೆಲ್ಲ ಕೇಳಿ ತಲೆದೂಗಿದರು. ನೋಡಿ ಭಾವ, ದೇವರೂ ಹಾಗೆಯೇ, ತುಂಬಿದ ಪೈಪಿನ ಹಾಗೆ ಸುಮ್ಮನಿದ್ದಾನೆ ಎಂದರು. ಕೇಳಲು ಚೆನ್ನಾಗಿತ್ತು. ಕಿವಿಯಣ್ಣ ಒಪ್ಪಲಿಲ್ಲ.

"ಪೈಪು ಪೈಪೇ ಭಾವ. ಬಡಿದರೆ ತುಂಬಿದೆಯೋ ಖಾಲಿಯೋ ಗೊತ್ತಾಗುತ್ತೆ. ಅವನನ್ನ ಎಲ್ಲಿ ಅಂತ ಬಡೀಲಿ?"

ಹಾಗಾದರೆ ನಂಬಿಕೆ ಎಂದರೇನು ಎಂದು ಕೇಳಿದರೆ ಅವರು ತಲೆ ಕೆರೆದುಕೊಳ್ಳುತ್ತಾರೆ. ಅಷ್ಟು ದೊಡ್ಡ ಮಾತು ನನಗೆ ಬರೋದಿಲ್ಲ ಎನ್ನುತ್ತಾರೆ. ನಿನ್ನೆ ಏನೂ ಕೇಳಿಸದ ಬೀದಿಗೆ ಇವತ್ತು ಮತ್ತೆ ಹೋಗಿ ರಾಡು ಇಡುವುದು ಗೊತ್ತು, ಅಷ್ಟೇ ಎನ್ನುತ್ತಾರೆ. ಅವರಿಗೆ ಈಗ ಭಯ ಇರುವುದು ಬೇರೆ ವಿಷಯಕ್ಕೆ. ಒಂದು ವರ್ಷದ ಗಡುವನ್ನು ನೆಚ್ಚಿಕೊಂಡು ಹೆಂಡತಿ ಆ ಚಮಚ ಹಿಡಿದಿದ್ದಾಳೆ. ಡಾಕ್ಟರು ಕೈ ಚೆಲ್ಲಿಬಿಟ್ಟರೆ?

"ದನಿ ಬರದಿದ್ದರೂ ಹೇಗೋ ನಡೆಯುತ್ತೆ. ಆ ಒಂದು ಬಡಿತ ನಿಂತುಹೋದರೆ ಆಮೇಲೆ ನಾನೊಬ್ಬನೇ ಮಾತಾಡ್ತಾ ಕೂರಬೇಕಾಗುತ್ತೆ. ಅದು ನನ್ನ ಕೈಲಾಗಲ್ಲ."

ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಒರಗಿಸಿದ ಬೆಂಚು. ಕಿವಿಯಣ್ಣ ಖಾಕಿ ಅಂಗಿ ಬದಲಿಸಿ, ಹೆಂಡತಿಯೇ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದಾರೆ. ಗೋಡೆಯೊಳಗೆ ಎಲ್ಲೋ ನೀರು ಇಳಿಯುವ ಸದ್ದಿಗೆ ಅವರ ಕಿವಿ ತಾನಾಗಿಯೇ ವಾಲುತ್ತದೆ. ಹೆಂಡತಿ ಮೊಣಕೈಯಿಂದ ತಿವಿಯುತ್ತಾರೆ. ಇದು ನಿಮ್ಮ ಬೀದಿಯಲ್ಲ ಎಂದು ಅದರ ಅರ್ಥ. ಅದನ್ನು ತಿಳಿಯಲು ಮಗಳು ಬೇಕಾಗುವುದಿಲ್ಲ.

ಡಾಕ್ಟರಮ್ಮ ಸಣ್ಣ ಕ್ಯಾಮೆರಾ ಇಳಿಸಿ ಗಂಟಲೊಳಗೆ ಬಹಳ ಹೊತ್ತು ನೋಡುತ್ತಾರೆ. 'ಈ' ಅನ್ನಿ, ಉಸಿರು ಬಿಡಿ, ಇನ್ನೊಮ್ಮೆ ಅನ್ನಿ ಎನ್ನುತ್ತಾರೆ. ಆಮೇಲೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂರುತ್ತಾರೆ. ಅವರು ಕೂತ ರೀತಿಯಲ್ಲೇ ಕಿವಿಯಣ್ಣನಿಗೆ ತಿಳಿದುಹೋಗುತ್ತದೆ. ನರ ಎದ್ದಿಲ್ಲ. ಇನ್ನು ಏಳುತ್ತದೆ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ದನಿಗಾಗಿ ಮತ್ತೊಂದು ಆಪರೇಷನ್ ಮಾಡಬಹುದು, ಆದರೆ ಅದು ಉಸಿರಿಗೇ ಕುತ್ತು ತರಬಹುದು, ಹಾಗಾಗಿ ಬೇಡ ಎನ್ನುತ್ತಾರೆ. ಮೆತ್ತಗೆ ಹೇಳುತ್ತಾರೆ, ಆದರೆ ತಿರುಚದೆ ಹೇಳುತ್ತಾರೆ. ಹೆಂಡತಿ ತಲೆಯಾಡಿಸಿ, ಸೆರಗಿನಿಂದ ಬಾಯಿ ಒರೆಸಿಕೊಂಡು ಏಳುತ್ತಾರೆ.

ಬಸ್ಸಿನಲ್ಲಿ ಇಬ್ಬರೂ ಕಿಟಕಿಯಾಚೆ ನೋಡುತ್ತಾರೆ. ಮಧ್ಯಾಹ್ನ ಆಕೆ ಅಂಗಡಿ ತೆರೆಯುತ್ತಾರೆ. ಸಂಜೆ ಕಿವಿಯಣ್ಣ ಮಣೆಯ ಹತ್ತಿರ ಬಂದು ನೋಡಿದರೆ ಮಣೆ ಖಾಲಿ. ನೀರು ಬಿಡುವ ಹೊತ್ತದು. ಆಕೆ ಹಿತ್ತಲಿನ ನಲ್ಲಿಯಿಂದ ಕೊಡಪಾನದಲ್ಲಿ ನೀರು ತಂದು ತಂದು ಡ್ರಮ್ಮಿಗೆ ಸುರಿಯುತ್ತಿದ್ದಾರೆ, ಬೇರೇನೂ ಕೆಲಸವಿಲ್ಲವೆಂಬಂತೆ, ಅಂಚಿನವರೆಗೂ. ಮಗಳು ಸಹಾಯಕ್ಕೆ ಹೋದರೆ ಬೇಡವೆಂದು ತಲೆಯಾಡಿಸುತ್ತಾರೆ. ಮುಚ್ಚಳ ಹಾಕಿ, ಕೈ ಒರೆಸಿಕೊಂಡು, ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾರೆ. ಆ ಸಂಜೆ ಕಿವಿಯಣ್ಣ ಬಾಯಿ ಬಿಡುವುದಿಲ್ಲ. ಬಡಿದು ನೋಡುವ ಧೈರ್ಯ ಅವರಿಗಿಲ್ಲ.

ಬೆಳಿಗ್ಗೆ ಅವರು ಎಂದಿನಂತೆ ಎದ್ದು ಖಾಕಿ ತೊಡುತ್ತಾರೆ. ಸೊಂಟಕ್ಕೆ ಸ್ಪಾನರ್ ಸಿಕ್ಕಿಸುವಾಗ, ತಮಗೊಂದು ಆಸೆ ಇದೆ ಎಂದು ತಮ್ಮಷ್ಟಕ್ಕೇ ಹೇಳಿಕೊಳ್ಳುತ್ತಾರೆ. ದೊಡ್ಡದೇನಲ್ಲ. ಬೆಳಗಿನ ಜಾವ ತಾವು ರಾಡು ಇಟ್ಟಾಗ ಆ ಬೀದಿಯವರು ಎರಡು ನಿಮಿಷ ಮನೆಯ ಪಂಪು ನಿಲ್ಲಿಸಿದರೆ ಸಾಕು. ಗುಡಿಸುವ ತಂಗಿ ಪೊರಕೆ ನಿಲ್ಲಿಸುತ್ತಾಳೆ, ಅವರಿಗೇನು ಕಷ್ಟ? ಹಾಗೆನ್ನುತ್ತಿರುವಾಗಲೇ ಅವರ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಗುತ್ತದೆ. ಹೆಂಡತಿ ಎದ್ದು ಬಂದಿದ್ದಾರೆ. ಮಣೆಯ ಮೇಲೆ ಕೂತಿದ್ದಾರೆ. ಕೈಯಲ್ಲಿ ಚಮಚ ಇದೆಯೋ ಇಲ್ಲವೋ, ಮಬ್ಬು ಬೆಳಕಿನಲ್ಲಿ ಕಾಣುವುದಿಲ್ಲ.

ಕಿವಿಯಣ್ಣ ರಾಡನ್ನು ಗೋಡೆಗೆ ಒರಗಿಸಿ ಹೋಗಿ ನಿಲ್ಲುತ್ತಾರೆ. ಗಂಟಲು ಸರಿಮಾಡಿಕೊಳ್ಳುತ್ತಾರೆ.

"ನಿನ್ನೆ ಡಾಕ್ಟರಮ್ಮ ಹೇಳಿದ್ದು ನೀನೂ ಕೇಳಿಸಿಕೊಂಡಿರ್ತೀಯ. ನಮಗೆ ತುಂಬಾ ಬೇಜಾರಾಗಿದೆ. ಕೊಡಲ್ಲ ಅಂತಿದ್ದರೆ ಹಾಗಂತಾದರೂ ಹೇಳಬಹುದಿತ್ತು. ಅದೂ ಹೇಳಲಿಲ್ಲ. ಇವತ್ತು ಕೆಳಗಿನ ಓಣಿ ನೋಡೋದಿದೆ. ಇವಳ ಅಂಗಡೀಲಿ ಬಟ್ಟೆ ರಾಶಿ ಬಿದ್ದಿದೆ, ಇವಳಿಗೆ ನಿದ್ದೆ ಇಲ್ಲ. ನೋಡಿಕೋ. ನಾಳೆ ಮತ್ತೆ ಬರ್ತೀನಿ."

ಮುಗಿಸಿ ಕಾಯುತ್ತಾರೆ. ಓಣಿಯಲ್ಲಿ ಯಾರದೋ ಸೈಕಲ್ಲು ಹಾದುಹೋಗುತ್ತದೆ. ಅವರು ಕಣ್ಣು ಮುಚ್ಚುತ್ತಾರೆ, ಅಭ್ಯಾಸಬಲ.

ಎರಡು ಬಡಿತ.

ಇಲ್ಲ ಎಂದು ಅರ್ಥ. ಒಂದು ವರ್ಷ ಹಿಡಿದುಕೊಂಡಿದ್ದು ಕೈಬಿಟ್ಟಿತು, ಇನ್ನು ಇಲ್ಲ ಎಂದುಕೊಂಡು ಕಿವಿಯಣ್ಣ ರಾಡಿನ ಕಡೆ ತಿರುಗುತ್ತಾರೆ. ಮಗಳು ಒಳಕೋಣೆಯ ಬಾಗಿಲಲ್ಲಿ ನಿಂತು, ನಿದ್ದೆಗಣ್ಣನ್ನು ಕಿರಿದು ಮಾಡಿ ಅಮ್ಮನ ತುಟಿಯನ್ನೇ ನೋಡುತ್ತಿದ್ದಾಳೆ.

"ಅಪ್ಪಾ, ನಿಲ್ಲು. ನಾಳೆ ಯಾಕೆ, ಸಂಜೆ ಅನ್ನು ಅಂತಿದಾಳೆ. ಆಮೇಲೆ 'ಬರ್ತೀನಿ' ಅಲ್ವಂತೆ. 'ಬರ್ತೀವಿ' ಅನ್ನಬೇಕಂತೆ."

ಕಿವಿಯಣ್ಣ ವಾಪಸ್ಸು ಬರುತ್ತಾರೆ. ಮುಖ ಮೇಲೆತ್ತಿ, ಆಫೀಸಿನಲ್ಲಿ ತಪ್ಪು ತಿದ್ದಿ ಹೇಳುವ ದನಿಯಲ್ಲೇ ಹೇಳುತ್ತಾರೆ.

"ಸಂಜೆ ಬರ್ತೀವಿ."

ಡ್ರಮ್ಮಿಗೆ ಚಮಚದ ಒಂದು ಏಟು ಬೀಳುತ್ತದೆ. ಠಪ್. ಮೊಂಡು ಸದ್ದು, ಬಿದ್ದ ಜಾಗದಲ್ಲೇ ಇಂಗಿಹೋಗುವ ಸದ್ದು.

"ತುಂಬಿದೆ" ಎಂದು ತಮಗೆ ತಾವೇ ಹೇಳಿಕೊಂಡು, ಕಿವಿಯಣ್ಣ ರಾಡನ್ನು ಹೆಗಲಿಗೇರಿಸಿ ಓಣಿಗೆ ಇಳಿಯುತ್ತಾರೆ.